ನಲವತ್ತು ಮಂದಿ ಗೈರು

ಸಿಟ್ಟು ಬಂದಾಗ ಅಣವೀರಪ್ಪ ಮಾಸ್ತರರ ಕಣ್ಣಿಗೆ ಎದುರಿದ್ದವರು ಕಾಣಿಸುತ್ತಿರಲಿಲ್ಲ. ಮುಲುಂಡಿನ ನಮ್ಮ ಕನ್ನಡ ಶಾಲೆಯಲ್ಲಿ ಬೆತ್ತ ಹಿಡಿಯದವರು ಅವರೊಬ್ಬರೇ; ಕಡುಬೇಸಿಗೆಯಲ್ಲೂ ಬಿಚ್ಚದ ಕರಿಯ ಕೋಟು, ಪ್ರಶ್ನೆ ಕೇಳಿ ಉತ್ತರ ಬರುವ ತನಕ ರೆಪ್ಪೆ ಅಲುಗಿಸದೆ ಕಾಯುವ ಆ ಭಯಂಕರ ಸಹನೆ, ಇಷ್ಟಕ್ಕೇ ಇಡೀ ತರಗತಿ ತಣ್ಣಗಾಗುತ್ತಿತ್ತು.

೧೯೭೦ರಲ್ಲಿ ಹನ್ನಾ ಎಂಬ ಯೆಹೂದಿ ಹುಡುಗಿ ನಮ್ಮ ಏಳನೆಯ ತರಗತಿಗೆ ಬಂದಳು. ತಂದೆ ಹುಬ್ಬಳ್ಳಿಯ ರೈಲ್ವೆಯಲ್ಲಿದ್ದು ಇಲ್ಲಿಗೆ ವರ್ಗವಾದವರು. ಒಂದು ಬೆಳಿಗ್ಗೆ ಹೋಟೆಲ್ ಮ್ಯಾನೇಜರರ ಮಗ ಶೇಖರ, ಹಲಗೆಯ ಮೇಲೆ ಕೊಕ್ಕಿನಂಥ ಮೂಗಿನ ಹೆಣ್ಣೊಂದರ ಚಿತ್ರ ಬಿಡಿಸಿ, ಕೆಳಗೆ ‘ನಿನ್ನ ದೇಶಕ್ಕೆ ಹೋಗು’ ಎಂದು ಗೀಚಿದ. ನಾವು ನಕ್ಕೆವು. ಹನ್ನಾ ತಲೆ ತಗ್ಗಿಸಿ ಪುಸ್ತಕ ತೆರೆದಳು; ಪುಸ್ತಕ ತಲೆಕೆಳಗಾಗಿತ್ತು.

ಮಾಸ್ತರರು ಬಂದು ಹಲಗೆ ನೋಡಿದರು. “ಯಾರಿಗರೆ ಏನರೆ ಹೇಳೂದದ ಏನು?”

ನಾವೆಲ್ಲ ಬೆಂಚಿನಡಿಯ ಕಾಲುಗಳನ್ನೇ ನೋಡುತ್ತ ಕುಳಿತೆವು. ಅವರು ಹಾಜರಿ ಪುಸ್ತಕ ತೆರೆದು ಒಬ್ಬೊಬ್ಬರನ್ನೇ ಕರೆದರು. ‘ಹಾಜರ್ ಸರ್’ ಎಂದ ಪ್ರತಿ ದನಿಗೂ ತುಸು ಹೊತ್ತು ಕಿವಿಗೊಟ್ಟು, ಏನೂ ಕೇಳಿಸದವರಂತೆ ಗೈರು ಬರೆದುಕೊಂಡರು. ಹನ್ನಾಳನ್ನು ಬಿಟ್ಟು ನಲವತ್ತು ಮಂದಿ ಗೈರು. ಬಳಿಕ ಅವಳೊಬ್ಬಳಿಗೇ ಪಾಠ ಮಾಡಿದರು. ಹೀಗೆಯೇ ಮೂರು ದಿನ. ಚಿತ್ರವನ್ನು ಅವರು ಒರೆಸಲಿಲ್ಲ, ನಮಗೆ ಮುಟ್ಟುವ ಧೈರ್ಯವಾಗಲಿಲ್ಲ. ಎರಡನೆಯ ದಿನ ನಾನು ಎದ್ದು ಅವರ ಮೇಜಿನೆದುರೇ ನಿಂತೆ. ಆ ನೋಟ ನನ್ನನ್ನು ತೂರಿಕೊಂಡು ಹೋಗಿ ಗೋಡೆಯ ಭೂಪಟದ ಮೇಲೆ ನಿಂತಿತು. ಸಂಜೆ ಚಾಳಿನ ಮನೆಗೆ ಓಡಿ ಅವ್ವನನ್ನು ಸುಮ್ಮನೆ ಕೂಗಿದೆ, ಆಕೆ ‘ಏನೋ?’ ಎಂದ ಮೇಲೆಯೇ ನನಗೆ ಉಸಿರು ಬಂದದ್ದು.

ಮೂರನೆಯ ದಿನ ಹನ್ನಾ ಅತ್ತಳು. “ಸರ್, ನನಗ ಅಂಜಿಕಿ ಬರ್ತದ. ಅವ್ರನ್ನ ಕರೀರಿ.”

“ನಾ ಕರದರ ಬರೂದಲ್ಲವ್ವಾ. ತಾವಾಗೇ ಬರಬೇಕು.”

ಆಗ ಹಿಂದಿನ ಬೆಂಚಿನಿಂದ ಗುರುಬಾಯಿ ಎದ್ದಳು. ಕಟ್ಟಡದ ಕೆಲಸದಾಕೆಯ ಮಗಳು. ವರ್ಷವಿಡೀ ಬಾಯಿ ಬಿಟ್ಟವಳಲ್ಲ. “ಬರದಾಂವ ಶೇಖರ್ರೀ. ನಾ ನೋಡೀನಿ. ನೋಡಿ ನಕ್ಕೀನಿ. ಅದು ತಪ್ಪ್ರೀ.”

ಮಾಸ್ತರರ ಕಣ್ಣು ನಿಧಾನವಾಗಿ ಅವಳ ಮೇಲೆ ನಿಂತಿತು. “ಗುರುಬಾಯಿ, ಯಾವಾಗ ಬಂದಿ?”

ಶೇಖರ ಅಳುತ್ತ ಹೋಗಿ ಅಂಗಿಯ ತೋಳಿನಿಂದ ಹಲಗೆ ಒರೆಸಿದ. ಅಂದೇ ನಮಗೆ ತಿಳಿದದ್ದು: ಹಿಂದಿನ ವರ್ಷ ದಕ್ಷಿಣದವರ ವಿರುದ್ಧ ನಡೆದ ಗಲಭೆಯಲ್ಲಿ ‘ಮದ್ರಾಸಿ’ ಎಂದು ನಾಲ್ವರು ಸೇರಿ ನಮ್ಮ ಮಾಸ್ತರರನ್ನು ದಾದರ್ ಸ್ಟೇಷನ್ನಿನಲ್ಲಿ ಎಳೆದಾಡಿ, ಹಲಗೆಯ ಮೇಲಿದ್ದ ಇದೇ ಮಾತು ಹೇಳಿ ಹೊಡೆದಿದ್ದರು. “ಪ್ಲಾಟ್‌ಫಾರ್ಮ್ ತುಂಬ ಮಂದಿ ಇದ್ರು,” ಎಂದರು ಅವರು, “ಒಬ್ರೂ ಇದ್ದಿದ್ದಿಲ್ಲ.”

ಆಮೇಲೆ ಪ್ರತಿ ಶುಕ್ರವಾರ ಕೊನೆಯ ಪಿರಿಯಡ್ಡಿನಲ್ಲಿ ನಮ್ಮನ್ನು ಒಬ್ಬೊಬ್ಬರಾಗಿ ಕಿಟಕಿಗೆ ನಿಲ್ಲಿಸಿ ‘ಇದು ತಪ್ಪು’ ಎಂದು ಹೇಳಿಸುತ್ತಿದ್ದರು. ಹೊರಗೆ ಲೋಕಲ್ ರೈಲು ಹಾದುಹೋಗುವಾಗಲೂ ನಮ್ಮ ದನಿ ಅವರಿಗೆ ಕೇಳಿಸಬೇಕಿತ್ತು. ಮರುವರ್ಷ ಹನ್ನಾಳ ಮನೆಯವರು ಇಸ್ರೇಲಿಗೆ ಹೊರಟುಹೋದರು. ತಾವಾಗಿ ಹೋದರೋ, ಹಲಗೆಯ ಮಾತು ಅವರನ್ನು ಕಳಿಸಿತೋ, ನಾನರಿಯೆ.

ಇಂಥ ಗುರುಗಳ ವಾತ್ಸಲ್ಯದಲ್ಲಿ ಕ್ರೌರ್ಯದ ಎಳೆಯೊಂದು ಇದ್ದೇ ಇರುತ್ತದೆ. ಅವರು ಕಾಪಾಡಲು ಹೊರಟ ಮಗುವೇ ಅದನ್ನು ಮೊದಲು ಸಹಿಸಬೇಕಾಗುತ್ತದೆ. ಆದರೂ ಅನ್ಯಾಯದೆದುರು ನಾಲಿಗೆ ಒಣಗಿದ ಗಳಿಗೆಯಲ್ಲಿ ನೆನಪಿಗೆ ಬರುವವರು, ಜಾಣರೆಂದು ನಮ್ಮ ಬೆನ್ನು ತಟ್ಟಿದವರಲ್ಲ, ಇವರೇ.