ದಾಲ್ವಾಳ ಎದೆಯಿಂದ ಬಿಚ್ಚಿದ ಪಟ್ಟಿ

ಅವರು ಪಟ್ಟಿ ಬಿಚ್ಚಲು ಬಂದಾಗ ಬೆಳಗಿನ ಹತ್ತೂವರೆ. ನಾನು ದಾಲ್ವಾಳ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದೆ. ನನ್ನ ಹೆಸರು ಲೂಸಿಮಾರಾ. ಸಾವೊ ಪಾವ್ಲೊದ ಪೂರ್ವ ಭಾಗದ ಈ ಸರ್ಕಾರಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಹದಿನೇಳು ವರ್ಷಗಳಿಂದ ಫಿಸಿಯೋಥೆರಪಿಸ್ಟ್. ವೆಂಟಿಲೇಟರ್ ನೋಡಿಕೊಳ್ಳುವುದು ಇಲ್ಲಿ ವೈದ್ಯರದಷ್ಟೇ ನಮ್ಮ ಕೆಲಸವೂ ಹೌದು.

ದಾಲ್ವಾ ಶಾಲೆಯೊಂದರ ಅಡುಗೆಯವಳು, ಐವತ್ತೆಂಟು ವರ್ಷ. ನ್ಯುಮೋನಿಯಾ ಎರಡೂ ಶ್ವಾಸಕೋಶಗಳಿಗೆ ಹಬ್ಬಿತ್ತು. ಐದು ದಿನಗಳಿಂದ ಗಂಟಲಲ್ಲಿ ಕೊಳವೆ, ಮೈತುಂಬ ನಿದ್ದೆಯ ಔಷಧ. ಅವಳ ಎದೆಯ ಸುತ್ತ ಕಟ್ಟಿದ್ದಂಥ ಪಟ್ಟಿ ಇಡೀ ಆಸ್ಪತ್ರೆಗೆ ಇದ್ದದ್ದು ಅದೊಂದೇ. ಮೈಗೆ ತಿಳಿಯದಷ್ಟು ಸಣ್ಣ ವಿದ್ಯುತ್ತು ಅದರಿಂದ ಹರಿಯುತ್ತದೆ. ಪಕ್ಕದಲ್ಲಿರುವ ಅದರ ಯಂತ್ರದ ತೆರೆಯ ಮೇಲೆ, ಗಾಳಿ ಹೋಗುವ ಕಡೆ ನೀಲಿ, ಹೋಗದ ಕಡೆ ಕಪ್ಪು. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಹಿಂದಿನ ದಿನ ಆ ಚಿತ್ರವನ್ನೇ ನೋಡುತ್ತಾ ವೆಂಟಿಲೇಟರಿನ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ಹನ್ನೆರಡಕ್ಕೆ ನಿಲ್ಲಿಸಿದ್ದೆ. ಅದಕ್ಕಿಂತ ಇಳಿದರೆ ಬೆನ್ನಿನ ಕಡೆಯ ಭಾಗ ಮುದುಡುತ್ತಿತ್ತು. ಹದಿನಾರಕ್ಕೆ ಏರಿದರೆ ಮುಂಭಾಗ ಊದಿ ಬಿಗಿಯುತ್ತಿತ್ತು.

ಬಂದವರು ನಿರ್ದೇಶಕ ಅರೋಲ್ಡೊ ಮತ್ತು ಇಬ್ಬರು ಅಟೆಂಡರ್‌ಗಳು.

"ಲೂಸಿಮಾರಾ, ಎರಡು ಗಂಟೆ ಅಷ್ಟೇ. ಕೆಳಗೆ ಹೊಸ ವಿಭಾಗದ ಉದ್ಘಾಟನೆ. ಆರೋಗ್ಯ ಕಾರ್ಯದರ್ಶಿಗಳು ಈ ಯಂತ್ರ ನೋಡ್ಬೇಕಂತೆ."

"ಇಲ್ಲಿಗೇ ಬಂದು ನೋಡ್ಲಿ ಸಾರ್. ಇಲ್ಲಿ ಕೆಲಸ ಮಾಡ್ತಾ ಇದೆಯಲ್ಲ."

"ಇಲ್ಲಿಗೆ ಕ್ಯಾಮೆರಾದವರನ್ನ ಬಿಡೋಕಾಗುತ್ತಾ?"

"ಹಾಗಾದ್ರೆ ಅಲ್ಲಿ ಯಾರಿಗೆ ಕಟ್ತೀರಿ? ಕಂಬಕ್ಕಾ?"

"ಪ್ರಚಾರ ವಿಭಾಗದ ಕ್ಲೆಬರ್ ಒಪ್ಕೊಂಡಿದಾರೆ."

"ಅಬ್ಬಾ, ಎಂಥಾ ತ್ಯಾಗ!"

ಅರೋಲ್ಡೊ ನಗಲಿಲ್ಲ. ಅಂದು ಪಾಳಿಯಲ್ಲಿದ್ದ ಡಾಕ್ಟರ್ ಬ್ರೇನೊ ಕಡೆ ತಿರುಗಿದ. ಬ್ರೇನೊ ನನ್ನನ್ನು ನೋಡಿದ, ನಿರ್ದೇಶಕನನ್ನು ನೋಡಿದ, ಆಮೇಲೆ ನೆಲ ನೋಡಿಕೊಂಡು, "ರೋಗಿ ಸದ್ಯಕ್ಕೆ ಸ್ಥಿರವಾಗಿದಾರೆ" ಎಂದ. ಆ ಮಾತು ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅಟೆಂಡರ್‌ಗಳಿಗೆ ಅವಸರ. "ನಿಧಾನ, ಪೈಪು ನೋಡ್ಕೊಳ್ಳಿ" ಎಂದು ನಾನು ಕೂಗುತ್ತಿರುವಾಗಲೇ ಅವಳನ್ನು ಪಕ್ಕಕ್ಕೆ ಹೊರಳಿಸಿ ಪಟ್ಟಿ ಎಳೆದರು. ವೆಂಟಿಲೇಟರಿನ ಪೈಪು ಕಳಚಿ ಬಿತ್ತು. ಅಲಾರಂ ಕಿರುಚಿತು. ಹಿಡಿದು ಮತ್ತೆ ಸಿಕ್ಕಿಸುವಷ್ಟರಲ್ಲಿ ಹತ್ತು ಸೆಕೆಂಡು ಹೋಗಿತ್ತು. ಅಂಥ ಶ್ವಾಸಕೋಶ ಮುದುಡಿಕೊಳ್ಳಲು ಹತ್ತು ಸೆಕೆಂಡು ಧಾರಾಳ. ತೊಂಬತ್ತನಾಲ್ಕಿದ್ದ ಆಮ್ಲಜನಕ ಎಂಬತ್ತಮೂರಕ್ಕೆ ಕುಸಿಯಿತು. ಯಂತ್ರ ಮಾತ್ರ ಗಾಲಿಗಳ ಮೇಲೆ ಉರುಳಿಕೊಂಡು ಲಿಫ್ಟಿನ ಕಡೆ ಹೋಗಿತ್ತು.

"ಮುದುಡಿರ್ಬೇಕು. ಒತ್ತಡ ಹದಿನೆಂಟು ಮಾಡಿ" ಎಂದ ಬ್ರೇನೊ.

"ಡಾಕ್ಟ್ರೇ, ನಿನ್ನೆ ಹದಿನಾರಕ್ಕೇ ಮುಂದ್ಗಡೆ ಊದ್ಕೊಂಡಿತ್ತು. ಬೇಡ."

"ನಿನ್ನೆದು ನಿನ್ನೆಗಾಯ್ತು. ಈಗಿನ ಚಿತ್ರ ಇದೆಯಾ ನಿಮ್ಮ ಹತ್ರ?"

"ನೀವೇ ಕಳಿಸ್ಕೊಟ್ರಲ್ಲ!"

ಅವನೇ ಗುಂಡಿ ತಿರುಗಿಸಿದ. ಆಮ್ಲಜನಕ ಎರಡು ಅಂಕ ಏರಿ ನಿಂತುಬಿಟ್ಟಿತು. ರಕ್ತದೊತ್ತಡ ಇಳಿಯತೊಡಗಿತು.

ಹನ್ನೊಂದಕ್ಕೆ ಭೇಟಿಯ ಸಮಯ. ದಾಲ್ವಾಳ ತಮ್ಮ ಅನೀಸಿಯೊ ಬಂದ. ಸಿಟಿ ಬಸ್ಸಿನ ಡ್ರೈವರ್, ಸಮವಸ್ತ್ರದಲ್ಲೇ ಇದ್ದ. ಹಿಂದಿನ ದಿನ ಅವನಿಗೆ ನೀಲಿ ಚಿತ್ರ ತೋರಿಸಿ ಧೈರ್ಯ ಹೇಳಿದ್ದವಳು ನಾನೇ.

"ಆ ಪಟ್ಟಿ ಎಲ್ಲಿ?"

ನರ್ಸ್ ಒಬ್ಬಳು "ರಿಪೇರಿಗೆ..." ಎಂದು ಶುರು ಮಾಡಿದಳು. ನಾನು ತಡೆದೆ.

"ಉದ್ಘಾಟನೆಗೆ ತಗೊಂಡು ಹೋದ್ರು. ಅಲ್ಲಿ ತೋರ್ಸೋಕೆ."

ಅವನು ಅಕ್ಕನ ಮುಖ ನೋಡಿದ, ಅಂಕಿಗಳನ್ನು ನೋಡಿದ.

"ನೀವು ನೋಡ್ತಾ ನಿಂತಿದ್ರಾ? ಜನ ತುಂಬಿರೋ ಬಸ್ಸಿನ ಸ್ಟೇರಿಂಗ್ ಬಿಚ್ಚಿ ಮೆರವಣಿಗೆಗೆ ಕೊಡು ಅಂದ್ರೆ ನಾನು ಕೊಡ್ತೀನಾ? ಹೇಳಿ ಮೇಡಂ! ಕೊಡ್ತೀನಾ?"

ಮೊದಲು ನಾಚಿಕೆಯಾಯಿತು. ಮೆಟ್ಟಿಲಿಳಿಯುವಷ್ಟರಲ್ಲಿ ನಾಚಿಕೆ ಹೋಗಿ ಬರೀ ಸಿಟ್ಟು ಉಳಿದಿತ್ತು.

ಕೆಳಗೆ ಹೂಗುಚ್ಛ, ರಿಬ್ಬನ್ನು, ತಟ್ಟೆತುಂಬ ಕರಿದ ಕೋಳಿ ಉಂಡೆ. ನಡುವೆ ಮಂಚದ ಮೇಲೆ ಕ್ಲೆಬರ್ ಅಂಗಿ ಬಿಚ್ಚಿ, ಹೊಟ್ಟೆ ಒಳಗೆಳೆದುಕೊಂಡು ಮಲಗಿದ್ದ. ತೆರೆಯ ತುಂಬ ನೀಲಿಯೋ ನೀಲಿ. ಅರೋಲ್ಡೊ ಮೈಕಿನಲ್ಲಿ "ಪ್ರತಿಯೊಂದು ಉಸಿರನ್ನೂ ಕಾಯುವ ನಮ್ಮ ಆಸ್ಪತ್ರೆ" ಎನ್ನುತ್ತಿದ್ದ. ನಾನು ನೇರವಾಗಿ ಹೋಗಿ ಪಟ್ಟಿಯ ಕೊಂಡಿ ಬಿಚ್ಚಿದೆ.

"ಏನ್ರೀ ಇದು?" ಕ್ಲೆಬರ್ ಗಾಬರಿಯಿಂದ ಎದ್ದು ಕೂತ.

"ನಿಮ್ಮ ಶ್ವಾಸಕೋಶಕ್ಕೆ ಏನೂ ಆಗಿಲ್ಲ. ಅಂಗಿ ಹಾಕ್ಕೊಳ್ಳಿ."

ಅರೋಲ್ಡೊ ಮೈಕನ್ನು ಅಂಗೈಯಲ್ಲಿ ಮುಚ್ಚಿ ಹಲ್ಲು ಕಚ್ಚಿದ. "ನಾಳೆಯಿಂದ ನಿಂಗೆ ಇಲ್ಲಿ ಕೆಲಸ ಇರಲ್ಲ."

"ನಾಳೆದು ನಾಳೆ. ಇವತ್ತು ಕೆಲಸ ಇದೆ."

ಕಾರ್ಯದರ್ಶಿ ಏನಾಯಿತೆಂದು ಕೇಳಿದರು. "ಮೇಲೆ ಒಬ್ಬ ಹೆಂಗಸು ಉಸಿರಿಗೆ ಒದ್ದಾಡ್ತಿದಾಳೆ ಸ್ವಾಮಿ. ಇದನ್ನ ಅವಳ ಮೈಯಿಂದ ಕಿತ್ಕೊಂಡು ಬಂದಿದಾರೆ" ಎಂದೆ. ಯಾರೂ ಅಡ್ಡ ಬರಲಿಲ್ಲ. ಯಂತ್ರ ತಳ್ಳಿಕೊಂಡು ಹೊರಟೆ.

ಪಟ್ಟಿಯನ್ನು ಒರೆಸಿ ದಾಲ್ವಾಳಿಗೆ ಕಟ್ಟಿದೆವು. ಚಿತ್ರ ಬಂತು. ಬೆನ್ನಿನ ಕಡೆ ಎರಡೂ ಬದಿ ಕಪ್ಪು. ಮುಂಭಾಗ ಬಿಗಿದು, ಗಾಳಿ ಆಡಲೂ ಜಾಗವಿಲ್ಲ. ಬ್ರೇನೊ ನೋಡಿದ, ಅವನ ಕಿವಿ ಕೆಂಪಾಯಿತು. ತಾನೇ ಕೈಯಾರೆ ಒತ್ತಡ ಇಳಿಸಿದ.

"ಬೋರಲು ಮಲಗಿಸೋಣ" ಎಂದೆ.

"ಸರಿ. ಕೊಳವೆ ನಾನು ಹಿಡ್ಕೋತೀನಿ."

ಐದು ಜನ ಸೇರಿ ತಿರುಗಿಸಿದೆವು. ಈ ಸಲ ಯಾರೂ ಅವಸರ ಮಾಡಲಿಲ್ಲ. ಅರ್ಧ ಗಂಟೆಯ ಮೇಲೆ ಕಪ್ಪಿನ ಅಂಚಿನಲ್ಲಿ ತೆಳು ನೀಲಿ ಕಂಡಿತು. ರಕ್ತದೊತ್ತಡ ಏರಿತು. ಮಧ್ಯಾಹ್ನ ಎರಡಕ್ಕೆ ಆಮ್ಲಜನಕ ತೊಂಬತ್ತೊಂದು. ಬಾಗಿಲಾಚೆ ಗೋಡೆಗೊರಗಿ ನಿಂತಿದ್ದ ಅನೀಸಿಯೊಗೆ ಹೇಳಿದೆ. ಅವನು ಧನ್ಯವಾದ ಹೇಳಲಿಲ್ಲ. ಯಾಕೆ ಹೇಳಬೇಕು?

ನನಗೆ ಅಶಿಸ್ತಿನ ಹೆಸರಲ್ಲಿ ಹತ್ತು ದಿನ ಅಮಾನತು. ಕ್ಷಮೆ ಕೇಳಿ ಬರೆದುಕೊಟ್ಟರೆ ಮೂರು ದಿನಕ್ಕೆ ಇಳಿಸುತ್ತೇವೆ ಎಂದರು. ಬರೆಯಲಿಲ್ಲ. ಪೈಪು ಕಳಚಿದ ಸಮಯ, ಒತ್ತಡ ಏರಿಸಿದ ಸಮಯ, ಪಟ್ಟಿ ಕೊಟ್ಟ ತನ್ನ ತಪ್ಪು, ಎಲ್ಲವನ್ನೂ ಬ್ರೇನೊ ಕೇಸ್‌ಶೀಟಿನಲ್ಲಿ ದಾಖಲಿಸಿದ. ತಡವಾಗಿಯಾದರೂ ಬರೆದ, ಅಷ್ಟು ಒಪ್ಪುತ್ತೇನೆ. ಅರೋಲ್ಡೊನನ್ನು ಕೇಂದ್ರ ಕಚೇರಿಗೆ ವರ್ಗ ಮಾಡಿದರು. ಅಲ್ಲಿ ಅವನಿಗೆ ಇನ್ನೂ ದೊಡ್ಡ ಕೋಣೆಯಂತೆ.

ದಾಲ್ವಾ ಹದಿನೇಳು ದಿನಗಳ ನಂತರ ಕೊಳವೆಯಿಂದ ಬಿಡುಗಡೆಯಾದಳು. ಆದರೆ ಶಾಲೆಯ ದೊಡ್ಡ ಹಂಡೆಗಳನ್ನು ಎತ್ತುವ ಶಕ್ತಿ ಮರಳಲಿಲ್ಲ. ಇದು ನ್ಯುಮೋನಿಯಾದ ಹೊಡೆತವೋ, ಆ ಒಂದು ಗಂಟೆಯದೋ, ಯಾರೂ ಖಚಿತವಾಗಿ ಹೇಳಲಾರರು. ಆಸ್ಪತ್ರೆಯವರು ಆ ಅನುಮಾನದ ಮರೆಯಲ್ಲೇ ಅಡಗಿಕೊಂಡಿದ್ದಾರೆ.

ಅಮಾನತು ಮುಗಿದು ನಾನು ಮರಳಿದ ಮೇಲೆ, ಅವಳು ವಾರ್ಡಿನಲ್ಲಿ ಕೂರುವಂತಾದಾಗ, ನಡೆದದ್ದನ್ನೆಲ್ಲ ಹೇಳಿದೆ. ಪಕ್ಕದಲ್ಲಿದ್ದ ಅನೀಸಿಯೊ, ವೈದ್ಯಕೀಯ ಮಂಡಳಿಗೆ ಬರೆದಿದ್ದ ದೂರನ್ನು ಜೇಬಿನಿಂದ ತೆಗೆದು ತೋರಿಸಿದ.

"ಕೊಡೋ ಇಲ್ಲಿ" ಎಂದಳು ದಾಲ್ವಾ, ಕೊಳವೆ ಕೆರೆದ ದನಿಯಲ್ಲಿ. "ನಿನ್ನ ಹೆಸರಲ್ಲಿ ಯಾಕೆ? ಉಸಿರು ನಂದು."

ಪೆನ್ನು ತೆಗೆದುಕೊಂಡು, ತಮ್ಮನ ಸಹಿಗಿಂತ ಮೇಲೆ ತನ್ನ ಪೂರ್ತಿ ಹೆಸರು ಬರೆದಳು. ನಡುವೆ ಎರಡು ಸಲ ನಿಂತು ಉಸಿರೆಳೆದುಕೊಂಡಳು.