ಬೈಯದ ತಮ್ಮ

ನಾನು ಹಲ್ಲು ಕಟ್ಟುವವಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದರ ಮೇಲೆ ಮೇಣ ಇಟ್ಟು, ಹಲ್ಲು ಜೋಡಿಸಿ, ಬೇಯಿಸಿ, ಪಾಲಿಶ್ ಹೊಡೆದು ವಾಪಸ್ ಕಳಿಸುತ್ತೇನೆ. ಈ ಊರಿನಲ್ಲಿ ಹಲ್ಲು ಬಿಟ್ಟು ನಗುವ ಮುದುಕರಲ್ಲಿ ಅರ್ಧ ಜನ ನಗುವುದು ನನ್ನ ಹಲ್ಲಿನಲ್ಲಿ. ಮೊದಲು ನಮ್ಮ ಹಲ್ಲು ಎನ್ನುತ್ತಿದ್ದೆ. ಆಗ ತಮ್ಮನೂ ಇದೇ ಮೇಜಿನ ಆ ಕಡೆ ಕೂತು ಕೆಲಸ ಮಾಡುತ್ತಿದ್ದ.

ಅವನು ಹೋದದ್ದು ಒಂದು ಯಂತ್ರದ ಜಗಳಕ್ಕೆ. ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರೆ ತಾನೇ ಹಲ್ಲು ಕೆತ್ತುತ್ತದಂತೆ, ತರಿಸೋಣ ಎಂದ. ನಾನು ಬದುಕಿರುವವರೆಗೆ ಅದು ಈ ಹೊಸ್ತಿಲು ದಾಟುವುದಿಲ್ಲ ಎಂದೆ. ಹಾಗಾದರೆ ನಾನೇ ದಾಟುತ್ತೇನೆ ಎಂದು ಹೊರಟುಬಿಟ್ಟ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಮೊಂಡುತನದಲ್ಲಿ ಒಬ್ಬರಿಗಿಂತ ಒಬ್ಬರು ಮೇಲು. ಮೂರು ವರ್ಷ ಅವನೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಯಂತ್ರದ ವಿಷಯದಲ್ಲಿ ನನ್ನ ಮಾತು ಈಗಲೂ ಅದೇ.

ಅವನಿಲ್ಲ ಎಂದು ಕೆಲಸವೇನೂ ನಿಂತಿಲ್ಲ. ನಿಂತದ್ದು ಬೈಗುಳ. ನನಗಿಂತ ಚಿಕ್ಕವನಾದರೂ, ನಾನು ಮುಗಿಸಿದ ಪ್ರತಿ ಸೆಟ್ಟನ್ನೂ ಬೆಳಕಿಗೆ ಹಿಡಿದು, "ಏನಕ್ಕಾ ಇದು, ಮನುಷ್ಯರಿಗೋ ಕುದುರೆಗೋ?" ಎನ್ನುತ್ತಿದ್ದ. ಆಗ ಮೈಯೆಲ್ಲ ಉರಿಯುತ್ತಿತ್ತು. ಈಗ ಡಾಕ್ಟರುಗಳು ಬೆನ್ನು ತಟ್ಟಿದರೂ ಕಿವಿ ಆ ಒಂದು ಮಾತಿಗೇ ಕಾಯುತ್ತದೆ.

ಹೋದ ವಾರ ಒಂದು ಮಧ್ಯಾಹ್ನ ಫೋನ್ ಟಿಣ್ ಎಂದಿತು. ಅವನದೇ ಫೋಟೊ, ಅವನದೇ ಹೆಸರು. "ಹಾಯ್ ಅಕ್ಕ. ಇದು ನನ್ನ ಹೊಸ ಅಕೌಂಟು. ಚೆನ್ನಾಗಿದ್ದೀಯಾ? ನಿನ್ನ ನೆನಪಾಯ್ತು."

ಕೈಯಲ್ಲಿದ್ದ ಮೇಣದ ಚಾಕು ಕೆಳಗಿಟ್ಟು ಅತ್ತೆ. ಯಾರೂ ಇರಲಿಲ್ಲ, ಚೆನ್ನಾಗಿಯೇ ಅತ್ತೆ.

ಆಮೇಲೆ ಊಟ ಆಯ್ತಾ, ಕೆಲಸ ಜೋರಾ ಎಂದೆಲ್ಲ ಕೇಳಿದ. ಮಾತಾಡೋಣ ಎಂದರೆ ಫೋನಿನ ಮೈಕು ಕೆಟ್ಟಿದೆ ಎಂದ. ಮಾರನೆಯ ದಿನ ದುಡ್ಡಿನ ಮಾತು ಬಂತು. ಸ್ನೇಹಿತನಿಗೆ ಅಪಘಾತ, ಅರ್ಜೆಂಟು, ಸಂಜೆಗೆ ವಾಪಸ್ ಕೊಡುತ್ತೇನೆ, ಪ್ಲೀಸ್ ಅಕ್ಕ, ಯಾರಿಗೂ ಹೇಳಬೇಡ. ಕೆಳಗೆ ಯಾರದೋ ಹೆಸರಿನ ಬ್ಯಾಂಕ್ ಖಾತೆಯ ನಂಬರು.

ಕ್ಲಿನಿಕ್ಕುಗಳಿಂದ ಅಚ್ಚಿನ ಡಬ್ಬಿ ತಂದುಕೊಡುವ ಸ್ಕೂಟರಿನ ಹೆಂಗಸು ಹೆಗಲ ಮೇಲಿಂದ ಬಗ್ಗಿ ಓದಿದಳು. ಅವಳಿಗೆ ಯಾರ ಫೋನಾದರೂ ತನ್ನದೇ.

"ಇದು ಟೋಪಿ ಹಾಕೋರ ಕೆಲ್ಸ" ಎಂದಳು. "ಅಕೌಂಟು ಹೊಸದು, ಮಾತಾಡಕ್ಕಾಗಲ್ಲ, ಅರ್ಜೆಂಟು ಬೇರೆ, ದುಡ್ಡು ನೋಡಿದ್ರೆ ಇನ್ಯಾರ್ದೋ ಹೆಸ್ರಿಗೆ. ಇನ್ನೇನು ಹಣೆ ಮೇಲೆ ಬರ್ಕೊಂಡು ಬರ್ಬೇಕಾ? ತಮ್ಮನ ಹಳೇ ನಂಬರಿಗೆ ಒಂದು ಫೋನ್ ಮಾಡಿ, ಮುಗೀತು."

"ನಿನ್ನ ಕೆಲ್ಸ ನೋಡ್ಕೋ ಹೋಗಮ್ಮ" ಎಂದು ರೇಗಿದೆ.

ಅವಳು ಹೇಳಿದ್ದು ನನಗೆ ಹೊಳೆಯದೆ ಇರಲಿಲ್ಲ. ಫೋನ್ ಮಾಡಿದರೆ ಮುಗಿಯುತ್ತದೆ ಎಂಬುದೇ ನನ್ನ ಹೆದರಿಕೆ. ಮಾಡದಿದ್ದರೆ ಸಂಜೆ ಮತ್ತೆ ಊಟ ಆಯ್ತಾ ಅಕ್ಕ ಎಂದು ಬರುತ್ತದೆ. ಆ ಒಂದು ಸಾಲಿಗಾಗಿ ನಾನು ಎಂಥ ಪೆದ್ದಿಯಾಗಲೂ ತಯಾರಿದ್ದೆ.

ಆದರೂ ಕೊನೆಗೆ ಒಂದು ಕೆಲಸ ಮಾಡಿದೆ. ಮೇಣದಲ್ಲಿದ್ದ ಒಂದು ಸೆಟ್ಟಿನಿಂದ ಎರಡೂ ಕೋರೆಹಲ್ಲು ಕಿತ್ತು, ಬಲಗಡೆಯದನ್ನು ಎಡಕ್ಕೆ, ಎಡಗಡೆಯದನ್ನು ಬಲಕ್ಕೆ ಕೂರಿಸಿ, ಫೋಟೊ ತೆಗೆದು ಕಳಿಸಿದೆ. "ಹೇಗಿದೆ ನೋಡು" ಎಂದು ಬರೆದೆ. ಬೇರೆಯವರಿಗೆ ಇದು ಕಾಣುವುದಿಲ್ಲ. ನನ್ನ ತಮ್ಮನಿಗೆ ರಸ್ತೆಯ ಆಚೆಯಿಂದ ಕಂಡೀತು.

ಫೋನ್ ಕೈಯಲ್ಲಿ ಹಿಡಿದು ಕೂತೆ. ಬೈಯೋ, ಒಂದೇ ಒಂದು ಸಲ ಬೈದುಬಿಡೋ ಎಂದು ಬಾಯಿಬಿಟ್ಟೇ ಹೇಳಿದೆ.

"ಸೂಪರ್ ಅಕ್ಕ! ತುಂಬಾ ಚೆನ್ನಾಗಿದೆ. ದುಡ್ಡು ಹಾಕಿದ್ಯಾ?"

ನನ್ನ ತಮ್ಮ ಎರಡನೇ ಸಲ ಮನೆಬಿಟ್ಟು ಹೋದಂತಾಯಿತು. ಆ ಹೊಸ ಅಕೌಂಟು ನಕಲಿ ಎಂದು ದೂರು ಒತ್ತಿ, ಬ್ಲಾಕ್ ಮಾಡಿದೆ. ಅವನ ಮುಖ ಇಟ್ಟುಕೊಂಡು ಇನ್ನು ಯಾರ್‍ಯಾರ ಹತ್ತಿರ ಕೈ ಚಾಚಿದ್ದಾರೋ ಎನಿಸಿತು. ಅವನಿಗೆ ತಿಳಿಸಲೇಬೇಕಿತ್ತು. ಹಳೆಯ ನಂಬರು ಒತ್ತುವಾಗ, ಇದು ಬರೀ ಕೆಲಸದ ಕರೆ, ವಿಷಯ ಹೇಳಿ ಇಟ್ಟುಬಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಒಂದೇ ರಿಂಗಿಗೆ ಎತ್ತಿದ.

"ಅಕ್ಕಾ, ದುಡ್ಡು ಬಂತಾ? ಆಪರೇಷನ್ ಯಾವಾಗಂತೆ? ಯಾವ ಆಸ್ಪತ್ರೆ ಅಂತ ಹೇಳು, ಹೊರಟೇಬಿಟ್ಟೆ."

ಅದೇ ದನಿ. ಹೆದರಿಕೆಯಿಂದ ಒಡೆದಿತ್ತು. ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆ ಕಳ್ಳರು ನನ್ನ ಹೆಸರಿನಲ್ಲೂ ಒಂದು ನಕಲಿ ಅಕೌಂಟು ತೆರೆದಿದ್ದರು. ನನಗೆ ತಮ್ಮನಾಗಿ ಬರೆದವರೇ ಅವನಿಗೆ ಅಕ್ಕನಾಗಿ ಬರೆದಿದ್ದರು.

"ನಂಗೇನೂ ಆಗಿಲ್ಲ ಕಣೋ, ಗುಂಡುಕಲ್ಲಿನ ಹಾಗಿದ್ದೀನಿ" ಎಂದೆ. "ಅದು ನಾನಲ್ಲ. ಎಷ್ಟು ಕಳಿಸ್ದೆ?"

"ಇದ್ದಿದ್ದೆಲ್ಲ. ಈಗ ತಾನೆ."

ರೇಗಿಹೋಯಿತು. "ತಲೆಯೊಳಗೆ ಏನು ಮೇಣ ತುಂಬ್ಕೊಂಡಿದ್ದೀಯಾ? ನಾನು ಯಾವತ್ತಾದ್ರೂ ನಿನ್ನ ಹತ್ರ ಕೈ ಚಾಚಿದ್ದೀನಾ? ಅಷ್ಟೂ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು" ಎಂದ. "ಮೊದಲ್ನೇ ಮೆಸೇಜಿಗೇ ಅನುಮಾನ ಬಂತು. ಪ್ಲೀಸ್ ಅಂತಿತ್ತು. ನೀನು ಜನ್ಮದಲ್ಲಿ ಯಾರಿಗಾದ್ರೂ ಪ್ಲೀಸ್ ಅಂದೋಳಾ?"

"ಮತ್ಯಾಕೋ ಕಳಿಸ್ದೆ?"

"ಒಂದ್ವೇಳೆ ನೀನೇ ಆಗಿದ್ರೆ?"

ನಾನು ಕೋರೆಹಲ್ಲು ಅದಲು ಬದಲು ಮಾಡಿ ಪರೀಕ್ಷೆ ಒಡ್ಡಿದ್ದೆ. ಅವನು ಅನುಮಾನವನ್ನು ಪಕ್ಕಕ್ಕಿಟ್ಟು ಇದ್ದದ್ದನ್ನೆಲ್ಲ ಕೊಟ್ಟಿದ್ದ. ಇವನು ಹುಚ್ಚನೇ ಸರಿ. ಇಂಥ ಹುಚ್ಚನನ್ನು ಬಿಟ್ಟು ಇಷ್ಟು ವರ್ಷ ಹೇಗೆ ಇದ್ದೆನೋ.

"ತಡ ಮಾಡ್ಬೇಡ, ಈಗ್ಲೇ ಬ್ಯಾಂಕಿಗೆ ಹೇಳಿದ್ರೆ ದುಡ್ಡು ತಡೀಬಹುದು" ಎಂದೆ.

"ಆಯ್ತು ಮಾಡ್ತೀನಿ. ಇಡ್ಲಾ ಹಾಗಾದ್ರೆ?"

"ಬೇಡ" ಎಂದೆ. "ಬ್ಯಾಂಕಿಗೆ ಬೇರೆ ಯಾರ್ದಾದ್ರೂ ಫೋನಿಂದ ಮಾಡು. ಇದನ್ನ ಇಡ್ಬೇಡ ಕಣೋ, ಪ್ಲೀಸ್."