ಗೋಡಂಬಿ ಆಕಾರದ ಕೊಳ

"ಮೂಲೇನೇ ಇಲ್ದಿದ್ರೆ ಅಳತೆ ಎಲ್ಲಿಂದ ಹಿಡೀಲಿ ಸ್ವಾಮಿ?" ದ್ಯಾವಯ್ಯ ಹಗ್ಗದ ತುದಿ ಹಿಡಿದು ಹಿತ್ತಲಿನ ನಡುವೆ ನಿಂತಿದ್ದ.

ಅರುಣ್‌ಕುಮಾರ್ ಮೊಬೈಲಿನ ಚಿತ್ರವನ್ನು ಮತ್ತೆ ತೋರಿಸಿದ. "ಗೋಡಂಬಿ ನೋಡಿಲ್ವಾ? ಹಂಗೆ ಒಂದು ಕಡೆ ಒಳಕ್ಕೆ ಬಾಗಿರ್ಬೇಕು."

"ಗೋಡಂಬಿ ತಿನ್ನೋರು ನೀವು. ನಮ್ದೇನಿದ್ರೂ ಕಡ್ಲೆಕಾಯಿ," ಎನ್ನುತ್ತ ದ್ಯಾವಯ್ಯ ಹಗ್ಗ ಬಾಗಿಸಿಟ್ಟು, ಅದರ ಗುಂಟ ಬೂದಿ ಚೆಲ್ಲಿದ. ಉದ್ದ ಎರಡಾಳು, ಅಗಲ ಒಂದಾಳು. ಹಾರನಹಳ್ಳಿ ಸುತ್ತ ನಲವತ್ತು ವರ್ಷ ಗುಂಡಿ ತೋಡಿದವನಿಗೆ ಅಡಿ, ಮೀಟರು ಒಗ್ಗಿರಲಿಲ್ಲ.

ತೆಂಗಿನ ಮರದಡಿ ನೀಲಿ ಡ್ರಮ್ಮಿನಲ್ಲಿ ಕೊಳಕ್ಕೆ ಬಿಡಬೇಕಾದ ಆರು ಕೊಯ್ ಅಲಂಕಾರ ಮೀನುಗಳಿದ್ದವು, ಕೆಂಪು ಬಿಳಿ ಮಚ್ಚೆಯವು. ಹಾಸನದಿಂದ ತಂದು ನಾಲ್ಕು ದಿನ. ಅರುಣ್‌ನ ಮಗಳು, ಪುಟ್ಟ ಇಂದು, ತೀರಿಹೋಗಿ ಹನ್ನೊಂದು ತಿಂಗಳು. ಹೊಲದ ಕೃಷಿಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿದ ಆರು ವರ್ಷದ ಹುಡುಗಿಗೆ ಹತ್ತಿ ಬರಲು ಕಾಲೂರುವ ಜಾಗ ಸಿಕ್ಕಿರಲಿಲ್ಲ. ಆಮೇಲೆ ಅವಳ ತಾಯಿ ಹೇಮಲತಾ ಕೊಡ ತುಂಬುವಾಗಲೂ ಮುಖ ಆಚೆ ತಿರುಗಿಸುತ್ತಿದ್ದಳು. ಬಣ್ಣದ ಮೀನು ನೋಡುತ್ತಿದ್ದರೆ ಮನಸ್ಸು ಹಗುರವಾಗುತ್ತದೆ ಎಂದು ಯಾರೋ ಹೇಳಿದ ಮಾತನ್ನು ಅರುಣ್ ಬಿಗಿಯಾಗಿ ಹಿಡಿದುಕೊಂಡಿದ್ದ.

ಹೇಮಲತಾ ಕಾಫಿ ಲೋಟ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. ಬೂದಿಯ ಗೆರೆಯನ್ನು ತುಸು ಹೊತ್ತು ನೋಡಿದಳು.

"ಆ ಬಾಗಿರೋ ಕಡೆ ಒಂದು ಕಲ್ಲು ಹಾಕ್ಸಿ. ಕೂತ್ಕೊಬೋದು."

ಅರುಣ್ ಅವಳನ್ನೇ ನೋಡಿದ. ಅವಳು ತಾನಾಗಿ ಇಷ್ಟು ಮಾತಾಡಿ ಎಷ್ಟು ದಿನವಾಗಿತ್ತು! "ಹಾಕ್ಸೋಣ. ದೊಡ್ಡದೇ ಹಾಕ್ಸೋಣ," ಎಂದ.

"ಆಳ?" ಎಂದ ದ್ಯಾವಯ್ಯ.

"ನಾಕಡಿ. ಕಮ್ಮಿ ಆದ್ರೆ ನೀರು ಕಾಯುತ್ತಂತೆ."

"ಅಂದ್ರೆ ನನ್ನ ಎದೆಮಟ್ಟ." ದ್ಯಾವಯ್ಯ ಎದೆಯ ಮೇಲೆ ಅಂಗೈ ಇಟ್ಟುಕೊಂಡ. ಆಮೇಲೆ, ಪ್ರತಿ ಗುಂಡಿಗೂ ಕೇಳುವ ಹಾಗೆ ಕೇಳಿದ: "ಈ ಸಲನಾದ್ರೂ ಮೆಟ್ಲು ಬಿಡಾನಾ? ಇಲ್ಲ ಆವತ್ತಿನಂಗೆ, ಹಾಳೆ ಹರಿದೋಯ್ತದೆ ಬ್ಯಾಡ ಅಂತೀರಾ?"

ಕೇಳಿದ ಮೇಲೆ ಅವನಿಗೆ ತಾನು ಏನಂದೆನೆಂದು ತಿಳಿಯಿತು.

"ಯಾವತ್ತಿನಂಗೆ, ಅಜ್ಜ?" ಹೇಮಲತಾಳ ದನಿ ಮೆಲ್ಲಗಿತ್ತು.

"ಬಿಡವ್ವ. ವಯಸ್ಸಾಯ್ತು, ಏನೋ ಒದರ್ತೀನಿ."

"ಹೊಲದ ಹೊಂಡಕ್ಕೂ ಕೇಳಿದ್ಯಾ?"

ದ್ಯಾವಯ್ಯ ಅರುಣ್ ಕಡೆ ನೋಡಿದ. ಅರುಣ್ ಆರಿಹೋದ ಮೊಬೈಲನ್ನು ನೋಡುತ್ತಿದ್ದ.

"ಕೇಳಿದ್ದೆ ಕಣವ್ವ."

"ಎಲ್ಲಾರೂ ಹಂಗೇ ಮಾಡ್ಸೋದು ಹೇಮಾ... ಹಾಳೆ ಒಂದ್ಸಲ ಹರಿದ್ರೆ..."

"ಮೆಟ್ಲು ಇಡೋಕೆ ಬರಲ್ಲ ಅಂದಿದ್ರಿ ನನ್ಹತ್ರ," ಎಂದಳು ಹೇಮಲತಾ. "ಹಂಗೇ ಬರೋದು ಹೊಂಡ, ಯಾರೂ ಏನೂ ಮಾಡಕ್ಕಾಗ್ತಿರ್ಲಿಲ್ಲ ಅಂದಿದ್ರಿ. ನಾನು ನಂಬ್ಕೊಂಡು ಬದುಕಿದ್ದೆ."

ಲೋಟವನ್ನು ಹೊಸ್ತಿಲ ಮೇಲೆ ಇಟ್ಟು ಒಳಗೆ ಹೋದಳು. ಚಿಲಕ ಬಿದ್ದ ಸದ್ದಾಯಿತು.

ಅರುಣ್ ಬಾಗಿಲು ತಟ್ಟಲಿಲ್ಲ. ದ್ಯಾವಯ್ಯನ ಗುದ್ದಲಿ ಎತ್ತಿಕೊಂಡು ಬೂದಿಯ ಗೆರೆಯೊಳಗೆ ಹೋದ. ಕೊಳ ಇನ್ನೂ ತೋಡಿಯೇ ಇರಲಿಲ್ಲ. ಅಂಚಿನಲ್ಲಿ ಕೂತು ಮಣ್ಣು ಕಡಿದು ಒಂದು ಮೆಟ್ಟಿಲು ಮಾಡಿದ. ಕೈಯಿಂದ ಸವರಿ ಮಟ್ಟ ಮಾಡಿದ. ಅದರ ಕೆಳಗೆ ಇನ್ನೊಂದು. ಎರಡರ ನಡುವಿನ ಎತ್ತರವನ್ನು ಗೇಣಿನಲ್ಲಿ ಅಳೆದು, ಜಾಸ್ತಿಯಾಯಿತೆಂದು ಕೆತ್ತಿ ತಗ್ಗಿಸಿದ. ಸಣ್ಣ ಕಾಲಿಗೆ ಎಟುಕುವಷ್ಟು.

ದ್ಯಾವಯ್ಯ ಹಗ್ಗ ಸುತ್ತಿಕೊಂಡ. ಗುದ್ದಲಿ ಕೇಳಲಿಲ್ಲ. ಡ್ರಮ್ಮಿನಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು.